ಸ್ಟ್ರೇಟ್‌ನಲ್ಲಿ ಹದಿಹರೆಯ ಕಳೆದವರು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ 'ಸ್ಟ್ರೇಟ್' ಕೇಂದ್ರಗಳ ಬಗ್ಗೆ, ಅಲ್ಲಿಂದ ಪಾರಾಗಿ ಬಂದವರ ಬಗ್ಗೆ ನಾನು ಮಾತಾಡಲು ಶುರು ಮಾಡಿದ ಮೇಲೆ ಅವೇ ಪ್ರಶ್ನೆಗಳು ಬೇರೆ ಬೇರೆ ಬಾಯಿಂದ ಬರುತ್ತಿವೆ. ಪೋಷಕರ ಸಭೆ ಮುಗಿಸಿ ಹೊರಟಾಗ ಗೇಟಿನ ಹತ್ತಿರ ನಿಲ್ಲಿಸಿ ಕೇಳುತ್ತಾರೆ. ಪತ್ರ ಬರೆಯುತ್ತಾರೆ. ಕೆಲವರು ರಾತ್ರಿ ಹನ್ನೊಂದರ ಮೇಲೆ ಮೆಸೇಜ್ ಹಾಕುತ್ತಾರೆ. ಆ ಹೊತ್ತಿಗೆ ಬರುವ ಪ್ರಶ್ನೆಗಳೇ ಜಾಸ್ತಿ ಭಾರ. ಅವನ್ನೆಲ್ಲ ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಹಿಂಸೆಯ ವಿವರ ಕೆಲವು ಕಡೆ ಇದೆ. ಓದುವಾಗ ಕಷ್ಟ ಆದರೆ ಅಲ್ಲಿಗೇ ನಿಲ್ಲಿಸಿ, ಆಮೇಲೆ ಬನ್ನಿ.

## ಮೊದಲಿಗೆ

ಸ್ಟ್ರೇಟ್ ಅಂದ್ರೆ ಏನು? ಆಸ್ಪತ್ರೆನಾ, ಶಾಲೆನಾ?

ಎರಡೂ ಅಲ್ಲ. ಹದಿಹರೆಯದ ಮಕ್ಕಳ ಡ್ರಗ್ಸ್ ಚಟ ಬಿಡಿಸುತ್ತೇವೆ ಎಂದು ನಡೆಸುತ್ತಿದ್ದ ಖಾಸಗಿ ಕೇಂದ್ರ. ಪೂರ್ತಿ ಹೆಸರು ಸ್ಟ್ರೇಟ್ ಇನ್‌ಕಾರ್ಪೊರೇಟೆಡ್. 1976ರಲ್ಲಿ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಶುರುವಾಯಿತು. ಶಾಪಿಂಗ್ ಮಾಲ್ ಕಟ್ಟಿಸುವ ವ್ಯವಹಾರದಲ್ಲಿದ್ದ ಮೆಲ್ ಸೆಂಬ್ಲರ್ ಮತ್ತು ಅವರ ಹೆಂಡತಿ ಬೆಟ್ಟಿ ಅದರ ಸ್ಥಾಪಕರಲ್ಲಿ ಮುಖ್ಯರು. ಮುಂದೆ ವರ್ಜೀನಿಯಾ, ಜಾರ್ಜಿಯಾ, ಓಹಾಯೊ, ಟೆಕ್ಸಾಸ್, ಕ್ಯಾಲಿಫೋರ್ನಿಯಾ ಹೀಗೆ ಹಲವು ಕಡೆ ಶಾಖೆಗಳು ಬಂದವು. 1993ರಲ್ಲಿ ಬಾಗಿಲು ಹಾಕಿತು. ಅಷ್ಟರೊಳಗೆ ಸಾವಿರಾರು ಮಕ್ಕಳು ಅಲ್ಲಿ ತಿಂಗಳುಗಟ್ಟಲೆ, ಕೆಲವರು ವರ್ಷಕ್ಕೂ ಮೇಲೆ ಕಳೆದಿದ್ದರು.

ಊರಿನವರ ಕಣ್ಣಿಗೆ ಅದು ದೊಡ್ಡ ಹೆಸರಿನ ಜಾಗ. ಅಧ್ಯಕ್ಷ ರೇಗನ್ ಅವರ ಪತ್ನಿ ನ್ಯಾನ್ಸಿ ರೇಗನ್ ಬಂದು ಹೊಗಳಿದ್ದರು. 1985ರಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ಅವರನ್ನೂ ವರ್ಜೀನಿಯಾ ಶಾಖೆಗೆ ಕರೆದುಕೊಂಡು ಬಂದರು. ಅಂಥವರೇ ಬಂದು ನೋಡಿದ ಜಾಗದ ಬಗ್ಗೆ ಹದಿನೈದು ವರ್ಷದ ಹುಡುಗಿಯೊಬ್ಬಳು ದೂರು ಹೇಳಿದರೆ ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

ಇಂಥ ಐಡಿಯಾ ಯಾರ ತಲೆಗೆ ಬಂತು?

ಒಬ್ಬರ ತಲೆಗೆ ಬಂದಿದ್ದಲ್ಲ. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಡೆಡರಿಕ್ ಎಂಬಾತ 'ಸಿನನಾನ್' ಶುರು ಮಾಡಿದ. ಕುಡಿತ ಬಿಟ್ಟವನು ಆತ. ಸುತ್ತ ಕೂತು ಒಬ್ಬನನ್ನು ನಡುವೆ ಹಾಕಿಕೊಂಡು, ಅವನು ಕುಸಿಯುವ ತನಕ ಬೈಯುವುದು ಅಲ್ಲಿನ 'ಚಿಕಿತ್ಸೆ'. ಅದಕ್ಕೆ 'ಗೇಮ್' ಎಂದು ಹೆಸರು. ಆ ಸಂಸ್ಥೆ ಕೊನೆಗೆ ಯಾವ ಮಟ್ಟಕ್ಕೆ ಇಳಿಯಿತು ಅಂದರೆ, 1978ರಲ್ಲಿ ತಮ್ಮ ವಿರುದ್ಧ ಕೇಸು ನಡೆಸಿದ ವಕೀಲರ ಅಂಚೆ ಪೆಟ್ಟಿಗೆಯೊಳಗೆ ಬುಡುಬುಡಿಕೆ ಹಾವು ಬಿಟ್ಟರು.

ಆ ಬೈಯುವ ವಿಧಾನವೇ 1970ರ ಹೊತ್ತಿಗೆ ಫ್ಲಾರಿಡಾದ 'ದಿ ಸೀಡ್' ಎಂಬ ಕೇಂದ್ರದಲ್ಲಿ ಮಕ್ಕಳ ಮೇಲೆ ಬಂತು. 1974ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯ ವರದಿ ಸೀಡ್‌ನ ವಿಧಾನವನ್ನು ಕೊರಿಯಾ ಯುದ್ಧದ ಕಾಲದ ಬ್ರೈನ್‌ವಾಷಿಂಗ್‌ಗೆ ಹೋಲಿಸಿತು. ಎರಡೇ ವರ್ಷಕ್ಕೆ ಸ್ಟ್ರೇಟ್ ಶುರುವಾಯಿತು. ಸೀಡ್ ಜೊತೆ ಒಡನಾಟ ಇದ್ದ ಪೋಷಕರೇ ಅದಕ್ಕೆ ಕೈ ಹಾಕಿದವರು. ಎಚ್ಚರಿಕೆ ಮೊದಲೇ ಅಚ್ಚಾಗಿತ್ತು. ಇದನ್ನು ನೆನೆದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಅಲ್ಲಿ ಹೋದ ಮಕ್ಕಳು ಡ್ರಗ್ಸ್‌ಗೆ ಬಿದ್ದವರೇ ತಾನೇ?

ಕೆಲವರು ಹೌದು. ಒಂದೆರಡು ಸಲ ಗಾಂಜಾ ಸೇದಿದವರು, ಅಣ್ಣನೋ ಅಕ್ಕನೋ ಒಳಗಿದ್ದಾರೆ ಅನ್ನುವ ಕಾರಣಕ್ಕೇ ಸೇರಿಸಲ್ಪಟ್ಟವರು, ಮನೆಯಲ್ಲಿ ಎದುರು ಮಾತಾಡುತ್ತಿದ್ದವರು, ಇವರೂ ಬೇಕಾದಷ್ಟು ಇದ್ದರು.

ಒಂದು ಪ್ರಕರಣ ಕೋರ್ಟಿನ ದಾಖಲೆಯಲ್ಲೇ ಇದೆ. 1982ರಲ್ಲಿ ಹತ್ತೊಂಬತ್ತು ವರ್ಷದ ಕಾಲೇಜು ಹುಡುಗನೊಬ್ಬ ತಮ್ಮನನ್ನು ನೋಡಿ ಬರೋಣ ಅಂತ ಸ್ಟ್ರೇಟ್‌ಗೆ ಹೋದ. ಅವನನ್ನೂ ಅಲ್ಲೇ ಕೂರಿಸಿಕೊಂಡರು. ನಾಲ್ಕು ತಿಂಗಳಿಗೂ ಜಾಸ್ತಿ ಹೊರಗೆ ಬಿಡಲಿಲ್ಲ. ಕೊನೆಗೆ ತಪ್ಪಿಸಿಕೊಂಡು ಬಂದು ಕೇಸು ಹಾಕಿದ. 1983ರಲ್ಲಿ ವರ್ಜೀನಿಯಾದ ಫೆಡರಲ್ ಕೋರ್ಟಿನ ಜ್ಯೂರಿ ಇದು ಅಕ್ರಮ ಬಂಧನ ಎಂದು ಒಪ್ಪಿ 2,20,000 ಡಾಲರ್ ಪರಿಹಾರ ಕೊಡಿಸಿತು.

ಇನ್ನೊಂದು ಮಾತು. ಮಗು ನಿಜವಾಗ್ಲೂ ಚಟಕ್ಕೆ ಬಿದ್ದಿದ್ದರೆ ಹೀಗೆಲ್ಲ ಮಾಡಬಹುದಿತ್ತು ಅನ್ನುವ ಅರ್ಥ ಈ ಪ್ರಶ್ನೆಯೊಳಗೆ ಇಣುಕುತ್ತದೆ. ಖಂಡಿತ ಮಾಡಬಾರದಿತ್ತು.

## ಒಳಗೆ ಏನು ನಡೆಯುತ್ತಿತ್ತು

ದಿನ ಹೇಗಿರುತ್ತಿತ್ತು? ಹೊಡೀತಿದ್ರಾ?

ಎಲ್ಲರೂ ಮೊದಲು ಕೇಳುವುದು ಹೊಡೆತದ ಬಗ್ಗೆ. ಪಾರಾಗಿ ಬಂದವರು ಮೊದಲು ಹೇಳುವುದು ಕುರ್ಚಿಯ ಬಗ್ಗೆ.

ಕಿಟಕಿ ಇಲ್ಲದ, ಗೋದಾಮಿನಂಥ ದೊಡ್ಡ ಹಾಲ್. ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ. ಬೆನ್ನು ಕುರ್ಚಿಗೆ ತಾಗಬಾರದು. ಬೆಳಗ್ಗೆಯಿಂದ ರಾತ್ರಿ ತನಕ, ಹತ್ತು ಹನ್ನೆರಡು ಗಂಟೆ ಹಾಗೇ ಕೂರಬೇಕು. ಮಾತಾಡಬೇಕೆಂದರೆ ಕೈ ಎತ್ತಿದರೆ ಸಾಲದು. ಎರಡೂ ತೋಳನ್ನು ತಲೆಯ ಮೇಲೆ ಎಸೆದಂತೆ ಬೀಸಬೇಕು, ಜೊತೆಗೆ ತಲೆ, ಭುಜ ಎಲ್ಲ ಅಲ್ಲಾಡಬೇಕು. ಇದಕ್ಕೆ ಅವರು ಇಟ್ಟ ಹೆಸರು 'ಮೋಟಿವೇಟಿಂಗ್'. ನೂರಾರು ಮಕ್ಕಳು ಒಟ್ಟಿಗೆ ಬೀಸುವಾಗ ಪಕ್ಕದವರ ಮುಖಕ್ಕೆ ಕೈ ಬಡಿಯುತ್ತಿತ್ತು. ಬೀಸದೆ ಸುಮ್ಮನೆ ಕೂತರೆ ಹಿಂದಿನ ಸಾಲಿನವರು ಬೆನ್ನಿಗೆ ಬೆರಳಿನಿಂದ ತಿವಿಯುತ್ತಿದ್ದರು.

ಎದ್ದು ನಿಂತವರು ತಾವು ಮಾಡಿದ ಅತಿ ಕೆಟ್ಟ ಕೆಲಸವನ್ನು ಎಲ್ಲರೆದುರು ಹೇಳಬೇಕು. ಹೇಳಿದ್ದು ಸಾಕಾಗಲಿಲ್ಲವಾದರೆ ಗುಂಪು ಮುಗಿಬೀಳುತ್ತಿತ್ತು. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಕಿರುಚುವುದು, ಮುಖಕ್ಕೆ ಉಗಿಯುವುದು. ಆಗ ಮಕ್ಕಳು ಏನು ಮಾಡುತ್ತಾರೆ? ಕಥೆ ಕಟ್ಟುತ್ತಾರೆ. ಮಾಡದ ಡ್ರಗ್ಸ್, ಮಾಡದ ಕಳ್ಳತನ, ನಡೆಯದ ಸಂಬಂಧ, ಎಲ್ಲ ಒಪ್ಪಿಕೊಂಡವರಿದ್ದಾರೆ. ಆ ಸುಳ್ಳು ತಪ್ಪೊಪ್ಪಿಗೆಯೇ ಮುಂದೆ ಅವರ ಫೈಲಿನಲ್ಲಿ 'ರೋಗದ ಸಾಕ್ಷಿ' ಆಗುತ್ತಿತ್ತು.

ಒಪ್ಪದವರನ್ನು ನೆಲಕ್ಕೆ ಕೆಡವಿ, ಕೈಗೊಬ್ಬರು ಕಾಲಿಗೊಬ್ಬರು ಮೇಲೆ ಕೂತು ಗಂಟೆಗಟ್ಟಲೆ ಹಿಡಿದಿಡುತ್ತಿದ್ದರು ಎಂದು ಬೇರೆ ಬೇರೆ ಶಾಖೆಯಲ್ಲಿ ಇದ್ದವರು ಒಂದೇ ಥರ ಹೇಳುತ್ತಾರೆ. ನಿದ್ದೆ ಕೆಡಿಸುವುದು, ಬಚ್ಚಲಿಗೆ ಬಿಡದಿರುವುದು ಕೂಡ ಇತ್ತು. 1990ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಅಲ್ಲಿನ ಶಾಖೆಗೆ ಲೈಸೆನ್ಸ್ ನಿರಾಕರಿಸಿದಾಗ ಕೊಟ್ಟ ಕಾರಣಗಳಲ್ಲಿ ಅವಮಾನ, ಬೆದರಿಕೆ, ಮಾನಸಿಕ ಹಿಂಸೆ, ಊಟ, ನಿದ್ದೆ, ಶೌಚಕ್ಕೆ ಅಡ್ಡಿ ಎಲ್ಲವೂ ಇದ್ದವು.

ರಾತ್ರಿ ಮನೆಗೆ ಹೋಗ್ತಿದ್ರಂತಲ್ಲ, ಓಡಿಹೋಗೋಕೆ ಏನಾಗಿತ್ತು?

ಹೋಗುತ್ತಿದ್ದುದು ತಮ್ಮ ಮನೆಗಲ್ಲ. ಹೊಸಬರಿಗೆ 'ನ್ಯೂಕಮರ್' ಎನ್ನುತ್ತಿದ್ದರು. ಒಂದಷ್ಟು ಹಂತ ದಾಟಿದ ಹಳಬರು 'ಓಲ್ಡ್‌ಕಮರ್'. ರಾತ್ರಿ ಹೊಸಬರನ್ನು ಹಳಬರ ಮನೆಗೆ ಕರೆದೊಯ್ಯುತ್ತಿದ್ದರು. ಅದು 'ಹೋಸ್ಟ್ ಹೋಮ್'. ಮಲಗುವ ಕೋಣೆಗೆ ಹೊರಗಿನಿಂದ ಬೀಗ, ಕಿಟಕಿಗೆ ಅಲಾರಂ. ಕೋಣೆಯಲ್ಲಿ ಹಾಸಿಗೆ ಬಿಟ್ಟು ಬೇರೇನೂ ಇಲ್ಲ. ಮಲಗುವ ಮುಂಚೆ ಆ ದಿನದ ತಪ್ಪುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ನಡೆಯುವಾಗ ಹಳಬನ ಕೈ ಹೊಸಬನ ಪ್ಯಾಂಟಿನ ಹಿಂದೆ, ಬೆಲ್ಟ್ ತೂರಿಸುವ ಪಟ್ಟಿಯೊಳಗೆ. ಬಚ್ಚಲಿಗೂ ಹಾಗೇ. ಅರುವತ್ತು ದಾಟಿದವರು ಇವತ್ತಿಗೂ ಬೆನ್ನ ಹಿಂದೆ ಯಾರಾದರೂ ನಿಂತರೆ ಬೆಚ್ಚುತ್ತಾರೆ ಎಂದರೆ ಕಾರಣ ಈ ಒಂದು ಕೈ.

ಅಪ್ಪ ಅಮ್ಮ ಸುಮ್ನೆ ಇದ್ರಾ? ಹೆತ್ತ ಕರುಳಿಗೆ ಗೊತ್ತಾಗಲ್ವಾ?

ಈ ಪ್ರಶ್ನೆಗೆ ಉತ್ತರ ಕೊಡಲಿಕ್ಕೇ ನಾನು ಇದನ್ನೆಲ್ಲ ಬರೆಯುತ್ತಿರುವುದು.

ಮಗು ಏನಾದರೂ ಹೇಳುವ ಮೊದಲೇ ಹೆತ್ತವರ ಕಿವಿ ಮುಚ್ಚಿಸಿ ಆಗಿರುತ್ತಿತ್ತು. ಸೇರಿಸುವ ದಿನವೇ ಹೇಳುತ್ತಿದ್ದರು: ಇವನು ಸುಳ್ಳು ಹೇಳುತ್ತಾನೆ, ಹೊಡೆದರು ಅನ್ನುತ್ತಾನೆ, ಕರ್ಕೊಂಡು ಹೋಗಿ ಅಂತ ಅಳುತ್ತಾನೆ, ಅದು ಅವನ ಚಟ ಆಡಿಸುವ ಆಟ, ನೀವು ಕರಗಿದರೆ ಅವನು ಸಾಯುತ್ತಾನೆ. ಮಗು ಅತ್ತಾಗ ತಾಯಿಗೆ ಕೇಂದ್ರ ಹೇಳಿದ್ದು ನಿಜ ಅನ್ನಿಸುತ್ತದೆ. ಅಳದೆ ಕೂತರೂ ಕೇಂದ್ರ ಸರಿಯಾಗಿ ನಡೆಯುತ್ತಿದೆ ಅನ್ನಿಸುತ್ತದೆ. ಮಗುವಿಗೆ ದಾರಿ ಎಲ್ಲಿದೆ?

ವಾರಕ್ಕೊಮ್ಮೆ 'ಓಪನ್ ಮೀಟಿಂಗ್'. ಹಾಲಿನ ಒಂದು ಕಡೆ ಹೆತ್ತವರು, ಎದುರಿಗೆ ಮಕ್ಕಳು. ಮೈಕ್ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ತಂದೆ ಎದ್ದು, ನೂರಾರು ಜನರೆದುರು, ನಿನ್ನಿಂದ ನಮಗೆ ಎಷ್ಟು ನೋವಾಯಿತು ಎಂದು ಹೇಳುತ್ತಾನೆ. ಮಗ ಎದ್ದು ನಿಂತು ಕೇಳಿಸಿಕೊಳ್ಳಬೇಕು. ಕೊನೆಗೆ 'ಲವ್ ಯೂ' ಎಂದು ಕೂರಬೇಕು. ಇಷ್ಟೇ ಭೇಟಿ. ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ತಾಯಿ ಮೂವತ್ತು ಅಡಿ ದೂರದಿಂದ ಮಗಳ ಮುಖ ನೋಡುತ್ತಾಳೆ. ಮಗಳ ಹಿಂದೆ ಕೂತವಳು ಅವಳ ಒಂದೊಂದು ಮಾತನ್ನೂ ಗಮನಿಸುತ್ತಿದ್ದಾಳೆ ಅನ್ನುವುದು ಆ ತಾಯಿಗೆ ಕಾಣುವುದಿಲ್ಲ.

ಹೆತ್ತವರಿಗೂ ಅಲ್ಲಿ ಕ್ಲಾಸುಗಳಿದ್ದವು. ಅವರದೇ ಮನೆಗಳು ಹೋಸ್ಟ್ ಹೋಮ್ ಆಗುತ್ತಿದ್ದವು. ಬೇರೆಯವರ ಮಗುವನ್ನು ತಮ್ಮ ಮನೆಯ ಕೋಣೆಯಲ್ಲಿ ಬೀಗ ಹಾಕಿಟ್ಟ ತಾಯಿಗೆ, ತನ್ನ ಮಗುವನ್ನು ಹಾಗೆ ಇಟ್ಟಿದ್ದು ತಪ್ಪು ಅಂತ ಹೇಳುವುದು ಎಷ್ಟು ಕಷ್ಟ ನೋಡಿ. ಹಾಗಂತ ಎಲ್ಲರನ್ನೂ ಕ್ಷಮಿಸಿಬಿಡಿ ಅಂತ ನಾನು ಹೇಳುತ್ತಿಲ್ಲ. ಅದನ್ನು ಹೇಳುವ ಹಕ್ಕು ಆ ಮಕ್ಕಳದ್ದು. ಆದರೆ ಹೆದರಿದ ಹೆತ್ತವರನ್ನು ಹೀಗೆ ಪಳಗಿಸುವುದು ಎಷ್ಟು ಸುಲಭ ಅನ್ನುವುದು ನಮಗೂ ಗೊತ್ತಿರಬೇಕು.

## ಆಮೇಲಿನ ವರ್ಷಗಳು, ನೆನಪು

ಇಷ್ಟು ವರ್ಷ ಬಿಟ್ಟು ಈಗ ಯಾಕೆ ಹೇಳ್ತಾರೆ?

ಬಹಳ ಜನ ಆಗಲೂ ಹೇಳಿದ್ದರು. ಪತ್ರಿಕೆಗಳಿಗೆ, ಪೊಲೀಸರಿಗೆ, ಕೋರ್ಟಿಗೆ. 1983ರ ತೀರ್ಪೇ ಅದಕ್ಕೆ ಸಾಕ್ಷಿ. ಆದರೂ ಕೇಂದ್ರ ಇನ್ನೂ ಹತ್ತು ವರ್ಷ ನಡೆಯಿತು.

ಸುಮ್ಮನಿದ್ದವರ ಕಾರಣ ಬೇರೆ. 'ಆಸ್ಪತ್ರೆಯಲ್ಲಿದ್ದೆ' ಅಂದರೆ ಜನ ಮರುಗುತ್ತಾರೆ. 'ಡ್ರಗ್ಸ್ ಬಿಡಿಸುವ ಜಾಗದಲ್ಲಿದ್ದೆ' ಅಂದರೆ ದೂರ ಸರಿಯುತ್ತಾರೆ. ತಮಗೆ ಆಗಿದ್ದಕ್ಕೆ ಏನು ಹೆಸರು ಅಂತಲೂ ಅವರಿಗೆ ತಿಳಿಯುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಹಿಂಸೆಗೂ ಪ್ರೀತಿ ಎಂದೇ ಹೆಸರಿತ್ತು. ಹಲವರಿಗೆ ತಮ್ಮ ಮಕ್ಕಳು ಹದಿನಾಲ್ಕು ಹದಿನೈದಕ್ಕೆ ಬಂದಾಗ ಹಳೆಯದೆಲ್ಲ ಮೇಲೆ ಬಂತು. ಇಷ್ಟು ಚಿಕ್ಕ ಮಗುವಿಗಾ ಹಾಗೆ ಮಾಡಿದ್ದು ಎಂದು ಆಗ ಹೊಳೆಯಿತು.

ನಲವತ್ತು ವರ್ಷದ ಹಿಂದಿನ ನೆನಪು. ಎಷ್ಟು ನಂಬೋದು?

ಕೇಳಬೇಕಾದ ಪ್ರಶ್ನೆಯೇ. ತಾರೀಕು, ಹೆಸರು, ಯಾವುದು ಮೊದಲು ಯಾವುದು ಆಮೇಲೆ, ಇದರಲ್ಲಿ ಯಾರ ನೆನಪೂ ತಪ್ಪುತ್ತದೆ. ನಿದ್ದೆಗೆಟ್ಟ ಮಗುವಿನ ನೆನಪು ಇನ್ನೂ ಜಾಸ್ತಿ ತಪ್ಪುತ್ತದೆ. ಆದರೆ ಒಬ್ಬರನ್ನೊಬ್ಬರು ನೋಡೇ ಇಲ್ಲದ ಜನ, ಬೇರೆ ರಾಜ್ಯ, ಬೇರೆ ವರ್ಷದಲ್ಲಿ ಇದ್ದವರು, ಬೆಲ್ಟಿನ ಪಟ್ಟಿ, ಕುರ್ಚಿ, ಕೈ ಬೀಸುವುದು ಎಲ್ಲವನ್ನೂ ಒಂದೇ ಥರ ಹೇಳುತ್ತಾರೆ. ಲೈಸೆನ್ಸ್ ದಾಖಲೆ, ಕೋರ್ಟು ಕಡತ, ಅಂದಿನ ಪತ್ರಿಕೆ ವರದಿಗಳೂ ಅದನ್ನೇ ಹೇಳುತ್ತವೆ. ನಾನು ಒಬ್ಬರ ಮಾತಿನ ಒಂದೊಂದು ವಿವರವನ್ನು ಹಿಡಿದು ಜಗ್ಗುವುದಿಲ್ಲ. ಹಲವರ ಮಾತು ಸೇರುವ ಜಾಗದಲ್ಲಿ ಕಾಲೂರುತ್ತೇನೆ.

ಅವರೂ ಬೇರೆ ಮಕ್ಕಳನ್ನ ಹಿಂಸೆ ಮಾಡಿದ್ದಾರಲ್ಲ? ಆಮೇಲೆ ತಾವು ಬಲಿಪಶು ಅಂತಾರೆ?

ಮಾಡಿದ್ದಾರೆ. ಅದನ್ನು ಅವರೇ ಮೊದಲು ಹೇಳುತ್ತಾರೆ. ತಮ್ಮ ಮೇಲೆ ಆಗಿದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸುವವರು, ತಾವು ಯಾರ ಕೈ ಹಿಡಿದು ನೆಲಕ್ಕೆ ಒತ್ತಿದ್ದೆವು ಅನ್ನುವಲ್ಲಿಗೆ ಬಂದಾಗ ಮಾತು ನಿಲ್ಲಿಸುತ್ತಾರೆ.

ಕೇಂದ್ರ ನಡೆದಿದ್ದೇ ಮಕ್ಕಳಿಂದ. ಸಂಬಳದ ಸಿಬ್ಬಂದಿ ಕಡಿಮೆ, ಅವರಲ್ಲೂ ಬಹಳ ಮಂದಿ ಅಲ್ಲೇ ಮುಗಿಸಿದ ಹುಡುಗ ಹುಡುಗಿಯರು. ಮೇಲಿನ ಹಂತಕ್ಕೆ ಹೋಗಬೇಕು, ಮನೆಗೆ ಹೋಗಬೇಕು, ಶಾಲೆಗೆ ಹೋಗಬೇಕು ಅಂದರೆ ಇನ್ನೊಬ್ಬರ ಮೇಲೆ ಕಿರುಚಲೇಬೇಕು. ಸುಮ್ಮನಿದ್ದರೆ ಮೊದಲ ಹಂತಕ್ಕೆ ವಾಪಸ್. ಹದಿನಾರು ವರ್ಷದ ಮಗುವಿನ ಮುಂದೆ ಇಂಥ ಆಯ್ಕೆ ಇಟ್ಟವರು ದೊಡ್ಡವರು. ಹೊಣೆ ಮೊದಲು ಅವರದ್ದು.

ಆದರೂ ಆ ಭಾರ ಇಳಿಯುವುದಿಲ್ಲ. ಹಳೆಯ ಗೆಳೆಯರನ್ನು ಹುಡುಕಿ ಕ್ಷಮೆ ಕೇಳಿದವರಿದ್ದಾರೆ. ಬಹಳ ಸಲ ಎದುರಿನವರೂ ಅದೇ ಮಾತು ಹೇಳಲು ವರ್ಷಗಳಿಂದ ಕಾಯುತ್ತಿದ್ದರು.

ಕೆಲವರು 'ಅದೇ ನನ್ನ ಜೀವ ಉಳಿಸ್ತು' ಅಂತಾರಲ್ಲ?

ಅಂತಾರೆ. ಅವರ ಬಾಯಿ ಮುಚ್ಚಿಸುವ ಕೆಲಸ ನನ್ನದಲ್ಲ. ಅಲ್ಲಿಂದ ಬಂದ ಮೇಲೆ ಚಟ ಬಿಟ್ಟವರೂ ಇದ್ದಾರೆ. ಆದರೆ ಒಬ್ಬರಿಗೆ ಒಳ್ಳೆಯದಾಯಿತು ಅನ್ನುವುದರಿಂದ ಪಕ್ಕದ ಕುರ್ಚಿಯವಳ ಮುಖಕ್ಕೆ ಉಗಿದದ್ದು ಸರಿಯಾಗುವುದಿಲ್ಲ.

## ಕಾನೂನು, ಹೊಣೆ, ಇವತ್ತು

ಮುಚ್ಚಿಸಿದ್ದು ಯಾರು? ಶಿಕ್ಷೆ ಆಯ್ತಾ?

ಒಂದೇ ಏಟಿಗೆ ಮುಚ್ಚಲಿಲ್ಲ. ಒಂದೊಂದು ರಾಜ್ಯದಲ್ಲಿ ಒಂದೊಂದು ಕೇಸು, ಲೈಸೆನ್ಸ್ ತಕರಾರು, ಕಡಿಮೆಯಾದ ಸೇರ್ಪಡೆ, ಹೀಗೆ ಸೊರಗಿ 1993ಕ್ಕೆ ನಿಂತಿತು. ಪರಿಹಾರ ಸಿಕ್ಕಿದ್ದು ಸಿವಿಲ್ ಕೇಸುಗಳಲ್ಲಿ. ನಡೆಸಿದವರು ಜೈಲಿಗೆ ಹೋಗಲಿಲ್ಲ. ಮೆಲ್ ಸೆಂಬ್ಲರ್ ಮೊದಲು ಆಸ್ಟ್ರೇಲಿಯಾಕ್ಕೆ, 2001ರಿಂದ ಇಟಲಿಗೆ ಅಮೆರಿಕದ ರಾಯಭಾರಿ ಆದರು. ಪಾರಾಗಿ ಬಂದವರಿಗೆ ಆ ಸುದ್ದಿ ಓದುವಾಗ ಏನನ್ನಿಸಿರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅಮೆರಿಕದಲ್ಲಿರೋ ನಮ್ಮಕ್ಕ ಮಗನನ್ನ ಯಾವುದೋ ರೆಸಿಡೆನ್ಶಿಯಲ್ ಸೆಂಟರ್‌ಗೆ ಹಾಕೋ ಯೋಚನೆಯಲ್ಲಿದ್ದಾಳೆ. ಈಗಿನವು ಬೇರೆ ಅಲ್ವಾ?

ಕೆಲವು ಒಳ್ಳೆಯವು ಇರಬಹುದು. ಆದರೆ ಸ್ಟ್ರೇಟ್ ಮುಚ್ಚಿದ ಮೇಲೆ ಈ ವ್ಯವಹಾರ ನಿಲ್ಲಲಿಲ್ಲ, ಬೆಳೆಯಿತು. 2007ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಇಂಥ ಕೇಂದ್ರಗಳ ಬಗ್ಗೆ ವರದಿ ಕೊಟ್ಟಿತು. 2005ರ ಒಂದೇ ವರ್ಷದಲ್ಲಿ 33 ರಾಜ್ಯಗಳು 1,619 ಸಿಬ್ಬಂದಿ ಹಿಂಸೆಯ ಪ್ರಕರಣಗಳಲ್ಲಿ ಭಾಗಿಯಾಗಿದ್ದರು ಎಂದು ವರದಿ ಮಾಡಿದ್ದವು. ಹತ್ತು ಮಕ್ಕಳ ಸಾವನ್ನೂ ಆ ಸಂಸ್ಥೆ ಬಿಡಿಬಿಡಿಯಾಗಿ ಪರಿಶೀಲಿಸಿತು.

ಹದಿಹರೆಯದಲ್ಲಿ ಯೂಟಾದ ಒಂದು ಕೇಂದ್ರದಲ್ಲಿದ್ದ ಅಮೆರಿಕದ ಟಿವಿ ತಾರೆ ಪ್ಯಾರಿಸ್ ಹಿಲ್ಟನ್ 2020ರಲ್ಲಿ ಬಾಯಿ ಬಿಟ್ಟ ಮೇಲೆ ಲೋಕ ತಿರುಗಿ ನೋಡಿತು. 2021ರಲ್ಲಿ ಯೂಟಾ ರಾಜ್ಯ ಕಾನೂನು ಬಿಗಿ ಮಾಡಿತು. ವರ್ಷಕ್ಕೆ ನಾಲ್ಕು ಸಲ ತಪಾಸಣೆ, ಮನೆಯವರ ಜೊತೆ ವಾರಕ್ಕೊಮ್ಮೆ ಖಾಸಗಿಯಾಗಿ ಮಾತು ಅದರಲ್ಲಿ ಸೇರಿವೆ. 2024ರ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ ಒಂದು ಕಾಯ್ದೆ ಬಂತು. ಅದು ಅಧ್ಯಯನ ಮಾಡಿಸುವ ಕಾಯ್ದೆ, ಯಾವ ಕೇಂದ್ರವನ್ನೂ ತಾನಾಗಿ ಮುಚ್ಚುವುದಿಲ್ಲ.

ನಿಮ್ಮಕ್ಕನಿಗೆ ಇಷ್ಟು ಹೇಳಿ: ಯಾರೂ ಪಕ್ಕದಲ್ಲಿ ಇಲ್ಲದೆ ಮಗನ ಹತ್ತಿರ ಫೋನಿನಲ್ಲಿ ಮಾತಾಡಲು ಮೊದಲ ವಾರದಿಂದಲೇ ಬಿಡುತ್ತೀರಾ ಅಂತ ಕೇಳಲಿ. 'ಅವನು ನಿಮ್ಮನ್ನು ಆಟ ಆಡಿಸುತ್ತಾನೆ, ನಂಬಬೇಡಿ' ಅಂದರೆ, ಅಲ್ಲಿಗೇ ಎದ್ದು ಬರಲಿ.

ಹೆತ್ತವರೇ ಸಹಿ ಹಾಕಿದ ಮೇಲೆ ಅಕ್ರಮ ಬಂಧನ ಹೇಗಾಗುತ್ತೆ?

ಅಮೆರಿಕದಲ್ಲಿ ಇದು ದೊಡ್ಡ ಗಂಟು. 1979ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಹೆತ್ತವರು ಮಗುವನ್ನು ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಸೇರಿಸುವ ಮುಂಚೆ ಕೋರ್ಟಿನ ವಿಚಾರಣೆ ಬೇಕಿಲ್ಲ, ಆದರೆ ಪಕ್ಷಪಾತ ಇಲ್ಲದ ಒಬ್ಬರು, ಉದಾಹರಣೆಗೆ ವೈದ್ಯರು, ಅದು ನಿಜವಾಗ್ಲೂ ಬೇಕಾ ಅಂತ ನೋಡಬೇಕು ಎಂದಿತು. ಸ್ಟ್ರೇಟ್‌ನಂಥ ಕಡೆ ಆ ನೋಟವೇ ಇರಲಿಲ್ಲ. ಒಳಗಿದ್ದ ಮಕ್ಕಳೇ ಹೊಸ ಮಗುವನ್ನು ಗಂಟೆಗಟ್ಟಲೆ ಪ್ರಶ್ನೆ ಕೇಳಿ ಒಪ್ಪಿಸುತ್ತಿದ್ದರು. ಆ ಕಾಲೇಜು ಹುಡುಗ ಗೆಲ್ಲಲು ಒಂದು ಕಾರಣ ಅವನಿಗೆ ಹದಿನೆಂಟು ದಾಟಿತ್ತು. ಅವನಿಗಿಂತ ಎರಡು ವರ್ಷ ಚಿಕ್ಕವರಿಗೆ ಆ ದಾರಿ ಅಷ್ಟು ಸುಲಭ ಇರಲಿಲ್ಲ.

ನಮ್ಮಲ್ಲಿ ಕಾನೂನು ಏನಿದೆ?

ಕಾಗದದ ಮೇಲೆ ನಮ್ಮ ಕಾನೂನು ಗಟ್ಟಿಯಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಯೂ ಸೇರುತ್ತದೆ. ಅಂಥವರನ್ನು ಇಟ್ಟುಕೊಳ್ಳುವ ಕೇಂದ್ರಕ್ಕೆ ನೋಂದಣಿ ಬೇಕೇ ಬೇಕು. ಹದಿನೆಂಟರ ಒಳಗಿನವರನ್ನು ತೀರಾ ಅನಿವಾರ್ಯ ಆದಾಗ ಮಾತ್ರ ಒಳಗೆ ಇಟ್ಟುಕೊಳ್ಳಬಹುದು. ಅದಕ್ಕೆ ಮನೋವೈದ್ಯರು ಸೇರಿ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು. ದೊಡ್ಡವರ ಜೊತೆ ಇಡಬಾರದು. ಮನೆಯವರು ಅಥವಾ ಅವರು ನೇಮಿಸಿದ ಒಬ್ಬರು ಮಗುವಿನ ಜೊತೆಗೇ ಇರಬೇಕು. 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಸರಪಳಿ ಹಾಕುವುದು, ಒಂಟಿ ಕೋಣೆಗೆ ತಳ್ಳುವುದು, ಬಲವಂತವಾಗಿ ತಲೆ ಬೋಳಿಸುವುದು ಎಲ್ಲ ನಿಷಿದ್ಧ.

ಈ ಪಟ್ಟಿಯಲ್ಲಿ 'ಮನೆಯವರು ಜೊತೆಗೇ ಇರಬೇಕು' ಅನ್ನುವ ಮಾತನ್ನು ಎರಡು ಸಲ ಓದಿ. ಸ್ಟ್ರೇಟ್ ಮೊದಲ ದಿನ ಕಿತ್ತುಕೊಂಡಿದ್ದು ಅದನ್ನೇ.

ಮಗನನ್ನ ಇಲ್ಲೇ ಒಂದು ಚಟ ಬಿಡಿಸೋ ಸೆಂಟರ್‌ಗೆ ಸೇರಿಸಿ ಇಪ್ಪತ್ತು ದಿನ ಆಯ್ತು, ಅವನಿಗೆ ಹದಿನೇಳು ವರ್ಷ. ಫೋನ್ ಕೊಡ್ತಿಲ್ಲ, 'ಈಗ ಬಂದ್ರೆ ಟ್ರೀಟ್‌ಮೆಂಟ್ ಕೆಡುತ್ತೆ' ಅಂತಾರೆ. ಏನು ಮಾಡ್ಲಿ ಅಕ್ಕಾ?

ನಾಳೆ ಬೆಳಗ್ಗೆಯೇ ಹೋಗಿ. ಹೇಳಿ ಹೋಗಬೇಕಾಗಿಲ್ಲ. ಒಬ್ಬರೇ ಹೋಗಬೇಡಿ, ಜೊತೆಗೆ ತಮ್ಮನನ್ನೋ ಪಕ್ಕದ ಮನೆಯವರನ್ನೋ ಕರೆದುಕೊಳ್ಳಿ. ನೋಂದಣಿ ಪತ್ರ ಕೇಳಿ, ಯಾವ ಮನೋವೈದ್ಯರು ನೋಡಿದ್ದಾರೆ ಅಂತ ಹೆಸರು ಕೇಳಿ. ಮಗನನ್ನು ಸಿಬ್ಬಂದಿ ಇಲ್ಲದ ಕಡೆ, ಗೇಟಿನ ಹೊರಗಾದರೂ ಸರಿ, ಒಬ್ಬನನ್ನೇ ಮಾತಾಡಿಸಿ. ಮುಖ ನೋಡಿ, ಕೈ ನೋಡಿ, ಶರ್ಟ್ ಎತ್ತಿ ಬೆನ್ನು ನೋಡಿ. ಭೇಟಿಗೆ ಬಿಡದಿದ್ದರೆ ಅಲ್ಲೇ ನಿಂತು 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ. ಆಮೇಲೆ ಪೊಲೀಸ್ ಠಾಣೆಗೆ ಹೋಗಿ.

ಕರೆದುಕೊಂಡು ಬಂದರೆ ಚಟ ಮತ್ತೆ ಶುರುವಾಗುತ್ತೆ ಅನ್ನುವ ನಿಮ್ಮ ಭಯ ಸುಳ್ಳಲ್ಲ. ಅದಕ್ಕೆ ಬೇರೆ ದಾರಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳಿಗೇ ಬೇರೆ ವಿಭಾಗ ಇದೆ, ಮಕ್ಕಳ ಮನೋವೈದ್ಯರೂ ಇದ್ದಾರೆ. ಅಷ್ಟು ದೂರ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮಗ ಮನೆಗೆ ಬಂದ ಮೊದಲ ದಿನ ಏನೂ ಹೇಳದೆ ಇರಬಹುದು. ಊಟ ಬಡಿಸಿ, ಮಲಗಲಿ. ಕೋಣೆಯ ಚಿಲಕ ಒಳಗಿನಿಂದ ಹಾಕಿಕೊಳ್ಳುವಂತೆ ಇರಲಿ. ಮೂರನೇ ದಿನವೋ ಮೂವತ್ತನೇ ದಿನವೋ ಅವನು ಶುರು ಮಾಡಿದಾಗ ಒಲೆ ಆರಿಸಿ ಅವನ ಹತ್ತಿರ ಹೋಗಿ ಕೂತುಕೊಳ್ಳಿ. ನಡುವೆ ಪ್ರಶ್ನೆ ಹಾಕಬೇಡಿ.